ಹೈ ನೂನ್ ನೋಡಿ, ಡಬ್ಬಿ ಹುಡುಕಿ: ಮೈಸೂರಿನಲ್ಲಿ ಸಿನಿಮಾ ಪಜಲ್ ಜಿಯೋಕ್ಯಾಶ್ ಮಾಡುವುದು ಹೇಗೆ

ಜಿಯೋಕ್ಯಾಶಿಂಗ್ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಒಬ್ಬರು ಡಬ್ಬಿಯೊಳಗೆ ಸಣ್ಣ ಪುಸ್ತಕ ಹಾಕಿ ಎಲ್ಲಾದರೂ ಮರೆಯಲ್ಲಿ ಇಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಆಟದ ವೆಬ್‌ಸೈಟಿಗೆ ಹಾಕುತ್ತಾರೆ. ಉಳಿದವರು ಮೊಬೈಲ್ ಹಿಡಿದು ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. 2000ದ ಮೇ ತಿಂಗಳ ಶುರುವಿನಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್‌ಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮೇ 3ಕ್ಕೇ ಡೇವ್ ಉಲ್ಮರ್ ಎಂಬವರು ಆರೆಗನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟರು. ಆಟ ಹುಟ್ಟಿದ್ದು ಹಾಗೆ.

ಹೀಗೆ ಬಚ್ಚಿಟ್ಟ ಡಬ್ಬಿಗೆ ಕ್ಯಾಶ್ ಅನ್ನುತ್ತಾರೆ. ಅದರಲ್ಲೇ ಪಜಲ್ ಕ್ಯಾಶ್ ಅಂತ ಒಂದು ಬಗೆ ಇದೆ. ಮ್ಯಾಪಿನಲ್ಲಿ ನೀಲಿ ಪ್ರಶ್ನೆ ಗುರುತು ಕಾಣುತ್ತದೆ. ಆ ಗುರುತು ಇರುವಲ್ಲಿ ಡಬ್ಬಿ ಇರುವುದಿಲ್ಲ. ವೆಬ್‌ಸೈಟಿನಲ್ಲಿ ಆ ಕ್ಯಾಶ್‌ನ ಪುಟದಲ್ಲಿರುವ ಒಗಟು ಬಿಡಿಸಿದರೆ ಮಾತ್ರ ನಿಜವಾದ ಜಾಗದ ಅಂಕಿ ಸಿಗುತ್ತದೆ. ನಾವು ಈಗ ಮಾಡಹೊರಟಿರುವ ಒಗಟು ಒಂದು ಹಳೆಯ ಕೌಬಾಯ್ ಸಿನಿಮಾದ ಮೇಲೆ ನಿಂತದ್ದು. ಪಾಲಿಸಬೇಕಾದ ಮುಖ್ಯ ವಿಷಯ ಎರಡೇ. ಆಡುವವರು ಸಿನಿಮಾ ನೋಡಲೇಬೇಕು, ನೋಡಿದ ಎಲ್ಲರಿಗೂ ಒಂದೇ ಉತ್ತರ ಬರಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದೇ ಕಷ್ಟ.

ಯಾವ ಸಿನಿಮಾ?

ಇಲ್ಲಿಯವರು ಮೊದಲು ಕೇಳುವುದು, ಶೋಲೆ ಯಾಕೆ ಬೇಡ ಅಂತ. ರಾಮನಗರದ ಬಂಡೆಗಳು ಬೆಂಗಳೂರು ರಸ್ತೆಯಲ್ಲೇ ಸಿಗುತ್ತವೆ, 1975ರ ಆ ಚಿತ್ರ ನಮ್ಮ ಪಕ್ಕದ್ದೇ. ಆದರೆ ಅದು ಎಲ್ಲರಿಗೂ ಬಾಯಿಪಾಠ. ಗಬ್ಬರ್ ಕಡೆಯವರು ಎಷ್ಟು ಜನ ಅಂತ ಕೇಳಿದರೆ ಮಕ್ಕಳೂ ಹೇಳುತ್ತಾರೆ. ಸಿನಿಮಾ ಹಾಕುವ ಅಗತ್ಯವೇ ಬೀಳುವುದಿಲ್ಲ.

ನನ್ನ ಆಯ್ಕೆ ಹೈ ನೂನ್. 1952ರ ಕಪ್ಪು ಬಿಳುಪು ಚಿತ್ರ, ನಿರ್ದೇಶಕ ಫ್ರೆಡ್ ಜಿನ್ನೆಮನ್. ಬರೀ 85 ನಿಮಿಷ, ಊಟ ಆದ ಮೇಲೆ ಕೂತರೂ ಹತ್ತಕ್ಕೆ ಮಲಗಬಹುದು. ಗ್ಯಾರಿ ಕೂಪರ್ ಮಾಡಿರುವ ವಿಲ್ ಕೇನ್ ಊರಿನ ಮಾರ್ಷಲ್. ಮದುವೆಯಾಗಿ, ಕೆಲಸ ಬಿಟ್ಟು ಹೊರಟಿದ್ದಾನೆ. ಅಷ್ಟರಲ್ಲಿ ಸುದ್ದಿ ಬರುತ್ತದೆ, ತಾನು ಜೈಲಿಗೆ ಕಳಿಸಿದ್ದ ಫ್ರ್ಯಾಂಕ್ ಮಿಲ್ಲರ್ ಮಧ್ಯಾಹ್ನದ ರೈಲಿಗೆ ಬರುತ್ತಿದ್ದಾನೆ ಅಂತ. ಕೇನ್ ಮನೆ ಮನೆಗೆ ಹೋಗಿ ಸಹಾಯ ಕೇಳುತ್ತಾನೆ. ಊರಿನವರು ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ.

ಕಥೆಯ ಕಾಲ ಮತ್ತು ಸಿನಿಮಾದ ಕಾಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕ್ಯಾಮರಾ ಮತ್ತೆ ಮತ್ತೆ ಗಡಿಯಾರದ ಕಡೆ ತಿರುಗುತ್ತದೆ. ಗಡಿಯಾರ ಅಂದರೆ ಅಂಕಿ, ಅಂಕಿ ಅಂದರೆ ಕೋಆರ್ಡಿನೇಟ್ಸ್, ಅದೇ ಅಕ್ಷಾಂಶ, ರೇಖಾಂಶ. ಮೈಸೂರಿನಲ್ಲಿ ಈ ಚಿತ್ರ ಆರಿಸಲು ಇನ್ನೊಂದು ಕಾರಣವೂ ಇದೆ. ನೀಲಿ ಪ್ರಶ್ನೆ ಗುರುತನ್ನು ದೊಡ್ಡ ಗಡಿಯಾರದ ಮೇಲೆ ಕೂರಿಸಬಹುದು. ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರ ಅದು. ಗಡಿಯಾರದ ಸಿನಿಮಾಕ್ಕೆ ಗಡಿಯಾರದ ಗುರುತು. ಮ್ಯಾಪ್ ತೆರೆದವರಿಗೆ ಅರ್ಧ ಸುಳಿವು ಅಲ್ಲೇ ಸಿಕ್ಕಿತು, ಅಲ್ವಾ?

ಮೊದಲು ಜಾಗ, ಆಮೇಲೆ ಪ್ರಶ್ನೆ

ಹೊಸಬರು ಪ್ರಶ್ನೆ ಬರೆದು, ಉತ್ತರ ಕೂಡಿಸಿ, ಬಂದ ಜಾಗಕ್ಕೆ ಡಬ್ಬಿ ಒಯ್ಯಲು ಹೊರಡುತ್ತಾರೆ. ಆ ಜಾಗ ಯಾರದೋ ಅಡುಗೆಮನೆ ಆಗಿರುತ್ತದೆ. ಉಲ್ಟಾ ಮಾಡಿ. ಡಬ್ಬಿಯ ಜಾಗ ಗಟ್ಟಿ ಮಾಡಿಕೊಂಡು, ಅದಕ್ಕೆ ಹೊಂದುವಂತೆ ಲೆಕ್ಕ ಹೆಣೆಯಿರಿ.

ನಿಯಮಗಳಲ್ಲಿ ಎರಡು ನಮಗೆ ಮುಖ್ಯ. ಪ್ರಶ್ನೆ ಗುರುತಿಗೂ ನಿಜವಾದ ಡಬ್ಬಿಗೂ ಸಾಮಾನ್ಯವಾಗಿ 2 ಮೈಲಿ, ಅಂದರೆ 3.2 ಕಿಲೋಮೀಟರಿಗಿಂತ ಜಾಸ್ತಿ ದೂರ ಇರಬಾರದು. ಬೇರೆ ಕ್ಯಾಶ್‌ನ ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರ ಇರಬೇಕು. ದೊಡ್ಡ ಗಡಿಯಾರದಿಂದ ಅಳೆದರೆ ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ ಎರಡೂ ಈ ಅಳತೆಯೊಳಗೆ ಬರುತ್ತವೆ.

ಅನುಮತಿ ಕೇಳುವುದನ್ನು ತಪ್ಪಿಸಬೇಡಿ. ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು. ಕಾರಂಜಿ ಮೃಗಾಲಯದವರ ಕೈಯಲ್ಲಿದೆ, ಟಿಕೆಟ್ ಬೇರೆ. ಬಡಾವಣೆಯ ಪಾರ್ಕ್ ಆದರೆ ಪಾಲಿಕೆಯವರನ್ನು, ಪಾರ್ಕ್ ನೋಡಿಕೊಳ್ಳುವ ನಿವಾಸಿಗಳ ಸಂಘ ಇದ್ದರೆ ಅವರನ್ನೂ ಕೇಳಿ. ಚಾಮುಂಡಿ ಬೆಟ್ಟದ ಕಾಡಿನೊಳಗೆ ಬೇಡ, ಅದು ಅರಣ್ಯ ಇಲಾಖೆಯದ್ದು, ಮಂಗಗಳೂ ಡಬ್ಬಿ ಬಿಡುವುದಿಲ್ಲ. ಅರಮನೆಯ ಸುತ್ತ, ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್, ಆ ಕಡೆ ಕೆಆರ್‌ಎಸ್ ಅಣೆಕಟ್ಟು, ಇವುಗಳ ಹತ್ತಿರ ಸುಳಿಯಲೇಬೇಡಿ. ಸಿನಿಮಾದಲ್ಲಿ ರೈಲ್ವೆ ಸ್ಟೇಷನ್ ಇದೆ, ನಮ್ಮ ಡಬ್ಬಿಯೂ ಅಲ್ಲೇ ಇದ್ದರೆ ಚೆಂದ ಅನ್ನಿಸುತ್ತದೆ. ಆದರೆ ಸ್ಟೇಷನ್ನಿನಲ್ಲಿ ಬೆಂಚಿನ ಕೆಳಗೆ ಕೈ ಹಾಕಿ ತಡಕಾಡುವವರನ್ನು ಪೊಲೀಸರು ಬೇರೆ ಥರ ನೋಡುತ್ತಾರೆ. ಶ್ರೀರಂಗಪಟ್ಟಣದ ಕೋಟೆ, ಸ್ಮಾರಕಗಳ ಗೋಡೆ ಸಂದಿಯೂ ಬೇಡ.

ಅಗೆಯುವಂತಿಲ್ಲ. 1966ರ ದಿ ಗುಡ್, ದ ಬ್ಯಾಡ್ ಅಂಡ್ ದಿ ಅಗ್ಲಿ ಚಿತ್ರದ ಕೊನೆಯಲ್ಲಿ ಚಿನ್ನ ಒಂದು ಗೋರಿಯಲ್ಲಿರುತ್ತದೆ. ಅದನ್ನು ಆರಿಸಿಕೊಂಡರೆ ಆಡುವವರು ಗುದ್ದಲಿ ಹಿಡಿದೇ ಬರುತ್ತಾರೆ! ತಮಾಷೆ ಎಂದರೆ ಉಲ್ಮರ್ ಅವರ ಮೊದಲ ಬಕೆಟ್ಟೇ ಅರ್ಧ ಹೂತಿತ್ತು. ಇವತ್ತು ಆಗಿದ್ದರೆ ರಿವ್ಯೂವರ್, ಅಂದರೆ ವೆಬ್‌ಸೈಟಿನ ಪರವಾಗಿ ಪುಟ ಪರಿಶೀಲಿಸುವವರು, ಒಪ್ಪುತ್ತಿರಲಿಲ್ಲ.

ಇನ್ನೊಂದು ನಮ್ಮ ಊರಿನ ಮಾತು. ಕೈ ಹಾಕಿದರೆ ಒಳಗೇನಿದೆ ಅಂತ ಕಾಣದ ಕಲ್ಲಿನ ಪೊಟರೆ, ಹುತ್ತದ ಪಕ್ಕ, ಒಣಗಿದ ಎಲೆ ರಾಶಿ ಬೇಡ. ಹಾವಿನ ಭಯ ಸುಮ್ನೆ ಹೇಳುವ ಮಾತಲ್ಲ. ಎದೆಯ ಎತ್ತರದಲ್ಲಿ, ಕಣ್ಣಿಗೆ ಕಾಣುವ ಕಡೆ ಇಡಿ.

ಡಬ್ಬಿ

ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ನಾಲ್ಕೂ ಕಡೆ ಕ್ಲಿಪ್ ಇರುವಂಥದ್ದು. ಸ್ಟೀಲ್ ಡಬ್ಬಿ ನೋಡಿದವರಿಗೆ ಗಾಬರಿ ಆಗುತ್ತದೆ. ಹೊರಗಡೆ ಕನ್ನಡದಲ್ಲೇ ಬರೆಯಿರಿ: "ಇದು ಜಿಯೋಕ್ಯಾಶಿಂಗ್ ಆಟದ ಡಬ್ಬಿ, ದಯವಿಟ್ಟು ಇಲ್ಲೇ ಬಿಡಿ". ಪುಸ್ತಕವನ್ನು ಜಿಪ್ ಕವರಿನೊಳಗೆ ಹಾಕಿ, ಪೆನ್ ಬದಲು ಪೆನ್ಸಿಲ್ ಇಡಿ, ಮಳೆಗಾಲದಲ್ಲಿ ಪೆನ್ ಕೈಕೊಡುತ್ತದೆ. ಚಾಕೊಲೇಟು ಗೀಕೊಲೇಟು ಬೇಡ, ಇರುವೆ ಹತ್ತುತ್ತದೆ. ಒಂದು ತಗಡಿನ ನಕ್ಷತ್ರ ಹಾಕಿದರೆ ಸಿನಿಮಾ ನೋಡಿದವರಿಗೆ ಖುಷಿ ಆಗುತ್ತದೆ. ಯಾಕೆ ಅಂತ ಕೊನೆಯ ದೃಶ್ಯ ನೋಡಿದವರಿಗೆ ಗೊತ್ತು.

ಅಂಕಿ ಅಳೆಯುವುದು

ಈ ಆಟ ಬಳಸುವುದು ಡಿಗ್ರಿ ಮತ್ತು ದಶಮಾಂಶ ನಿಮಿಷ. ಫೋನಿನ ಮ್ಯಾಪ್ ಬರೀ ದಶಮಾಂಶ ಡಿಗ್ರಿ ಕೊಡುತ್ತದೆ. 12.30727 ಅಂತ ಬಂದರೆ 12 ಅನ್ನು ಬಿಟ್ಟು, ಉಳಿದ 0.30727 ಅನ್ನು 60ರಿಂದ ಗುಣಿಸಿ. 18.436 ಬರುತ್ತದೆ. ಅಂದರೆ ಉತ್ತರ ಅಕ್ಷಾಂಶ 12° 18.436. ಹಾಗೇ 76.63475 ಎಂದರೆ ಪೂರ್ವ ರೇಖಾಂಶ 076° 38.085.

ಕೊನೆಯ ಅಂಕಿಯಲ್ಲಿ ಒಂದು ಹೆಚ್ಚುಕಡಿಮೆ ಆದರೆ ಉತ್ತರ-ದಕ್ಷಿಣವಾಗಿ 1.85 ಮೀಟರ್, ನಮ್ಮ ಅಕ್ಷಾಂಶದಲ್ಲಿ ಪೂರ್ವ-ಪಶ್ಚಿಮವಾಗಿ ಸುಮಾರು 1.81 ಮೀಟರ್ ವ್ಯತ್ಯಾಸ. ದೊಡ್ಡ ಮಳೆಮರದ ಕೆಳಗೆ ಫೋನಿನ ಜಿಪಿಎಸ್ ಅದಕ್ಕಿಂತ ಜಾಸ್ತಿ ಅಲೆದಾಡುತ್ತದೆ. ಫೋನನ್ನು ಡಬ್ಬಿಯ ಮೇಲೆ ಇಟ್ಟು ಸ್ವಲ್ಪ ಹೊತ್ತು ಬಿಡಿ, ಅಂಕಿ ಬರೆದುಕೊಳ್ಳಿ. ದೂರ ಹೋಗಿ ಇನ್ನೊಂದು ದಿಕ್ಕಿನಿಂದ ಬಂದು ಮತ್ತೆ ಬರೆಯಿರಿ. ಬೇರೆ ದಿನವೂ ಮಾಡಿ, ಸರಾಸರಿ ತೆಗೆಯಿರಿ.

ಸಿನಿಮಾದಿಂದ ಪ್ರಶ್ನೆ ತೆಗೆಯುವುದು

ಒಂದು ಸಲ ಸುಮ್ನೆ ನೋಡಿ, ಪೆನ್ ಮುಟ್ಟಬೇಡಿ. ಆಮೇಲೆ ನೋಟ್‌ಬುಕ್ ಹಿಡಿದು ನೋಡಿ. ಎಣಿಸಬಹುದಾದದ್ದು, ಓದಬಹುದಾದದ್ದು, ಬಾಯಲ್ಲಿ ಹೇಳುವ ಸಂಖ್ಯೆ, ಎಲ್ಲವನ್ನೂ ಬರೆದುಕೊಳ್ಳಿ. ಆಮೇಲೆ ಅದರಲ್ಲಿ ಮುಕ್ಕಾಲು ಭಾಗ ಹೊಡೆದುಹಾಕಬೇಕಾಗುತ್ತದೆ.

ಇಂತಿಷ್ಟನೇ ನಿಮಿಷದಲ್ಲಿ ಏನಾಯಿತು ಅಂತ ಕೇಳಬೇಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ. ಕೆಲವು ಟಿವಿ, ಡಿವಿಡಿ ಪ್ರತಿಗಳು 25ರಲ್ಲಿ ಓಡುತ್ತವೆ. 85 ನಿಮಿಷದ ಚಿತ್ರ ಹತ್ತಿರ ಹತ್ತಿರ 82ಕ್ಕೇ ಮುಗಿದುಹೋಗುತ್ತದೆ. ನಿಮ್ಮ 40ನೇ ನಿಮಿಷ ಅವರ 40ನೇ ನಿಮಿಷ ಅಲ್ಲ. "ಕೇನ್ ಚರ್ಚಿನಿಂದ ಹೊರಬಂದ ಮೇಲೆ" ಅಂತ ಘಟನೆ ಹೇಳಿ ಗುರುತು ಕೊಡಿ.

ಫ್ರೇಮಿನ ಅಂಚಿನಲ್ಲಿ ಇರುವುದನ್ನು ಕೇಳಬೇಡಿ. ಇದು ಹೆಚ್ಚುಕಡಿಮೆ ಚೌಕದ ಹಳೆಯ ಅಳತೆಯ ಚಿತ್ರ. ಅಗಲದ ಟಿವಿಯಲ್ಲಿ ಜೂಮ್ ಮಾಡಿ ನೋಡುವವರಿಗೆ ಮೇಲೆ ಕೆಳಗೆ ಕತ್ತರಿಸಿಹೋಗಿರುತ್ತದೆ. ಸಬ್‌ಟೈಟಲಿನ ಪದ ಎಣಿಸುವುದೂ ಬೇಡ, ಪ್ರತಿಗೊಂದು ಥರ ಇರುತ್ತದೆ. ಎಷ್ಟು ಗುಂಡು ಹಾರಿತು ಅನ್ನುವುದಂತೂ ಜಗಳಕ್ಕೆ ದಾರಿ. ತೆರೆಯ ಆಚೆ ಕೇಳಿದ ಸದ್ದನ್ನು ಒಬ್ಬರು ಎಣಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಚರ್ಚಿನಲ್ಲಿ ಎಷ್ಟು ಜನ ಕೂತಿದ್ದರು? ಮಕ್ಕಳನ್ನು ನಡುವೆ ಹೊರಗೆ ಕಳಿಸುತ್ತಾರೆ, ಈಗ ಯಾವ ಲೆಕ್ಕ ಹಿಡಿಯುವುದು?

ಗಡಿಯಾರದ ಪ್ರಶ್ನೆ ಕೇಳದೆ ಈ ಚಿತ್ರ ಬಿಡಲು ಮನಸ್ಸಾಗುವುದಿಲ್ಲ. ಕೇಳಿ, ಆದರೆ ನಿಮಿಷ ಕೇಳಬೇಡಿ. ಮುಳ್ಳು 42ರ ಮೇಲಿದೆಯೋ 43ರ ಮೇಲಿದೆಯೋ ಅಂತ ಇಬ್ಬರು ಒಪ್ಪುವುದಿಲ್ಲ. "ದೊಡ್ಡ ಮುಳ್ಳಿಗೆ ಹತ್ತಿರದ ಗಂಟೆಯ ಅಂಕಿ ಯಾವುದು" ಅಂತ ಕೇಳಿದರೆ 1ರಿಂದ 12ರೊಳಗೆ ಒಂದೇ ಉತ್ತರ. ಎರಡು ಅಂಕಿಗಳ ನಟ್ಟನಡುವೆ ಮುಳ್ಳು ನಿಂತಿರುವ ಶಾಟ್ ಬಿಟ್ಟುಬಿಡಿ. ರೈಲು ಬರುವ ಮುಂಚೆ ಲೋಲಕ ಆಡುವ ಗಡಿಯಾರ, ಊರವರ ಮುಖಗಳು, ಖಾಲಿ ಕುರ್ಚಿ, ಉಯಿಲು ಬರೆಯುತ್ತಿರುವ ಕೇನ್, ಹೀಗೆ ಒಂದರ ಬೆನ್ನಿಗೊಂದು ಶಾಟ್ ಬರುತ್ತವೆ. ಇಲ್ಲಿ "ಇದಾದ ಮೇಲೆ ಕಾಣುವ ಮುಖ ಯಾರದು" ಎಂಬಂಥ ಕ್ರಮದ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಸರಿನ ಪಟ್ಟಿ ನೀವೇ ಕೊಟ್ಟು, ಪ್ರತಿ ಹೆಸರಿಗೂ ಒಂದು ಅಂಕಿ ಇಟ್ಟರಾಯಿತು. ಇಂಗ್ಲಿಷ್ ಅಕ್ಷರ ಎಣಿಸಬೇಕೋ ಕನ್ನಡ ಅಕ್ಷರ ಎಣಿಸಬೇಕೋ ಎಂಬ ತಕರಾರೂ ಇರುವುದಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾಗುವುದು ಮಾತಿನಲ್ಲಿ ಅಡಗಿರುವ ಸಂಖ್ಯೆ. ಒಬ್ಬ ಹುಡುಗ ತಾನೂ ಬಂದೂಕು ಹಿಡಿಯುತ್ತೇನೆ ಅಂತ ಕೇನ್ ಹತ್ತಿರ ಬರುತ್ತಾನೆ. ವಯಸ್ಸು 16 ಅನ್ನುತ್ತಾನೆ. ಕೇನ್ ನಂಬುವುದಿಲ್ಲ, ನಿನಗೆ 14 ಅನ್ನುತ್ತಾನೆ. ಹುಡುಗ ಒಪ್ಪಿಕೊಳ್ಳುತ್ತಾನೆ. ಇಡೀ ಊರಿನ ಗಂಡಸರು ಹಿಂದೆ ಸರಿದಾಗ ಮುಂದೆ ಬಂದದ್ದು ಈ ಪೋರ. ಅರೆಮನಸ್ಸಿನಿಂದ ನೋಡಿದವರು 16 ಬರೆಯುತ್ತಾರೆ, ಗಮನ ಕೊಟ್ಟವರು 14 ಬರೆಯುತ್ತಾರೆ. ಪ್ರಶ್ನೆ ಮಾತ್ರ ಬಿಗಿಯಾಗಿರಬೇಕು. "ಹುಡುಗನ ವಯಸ್ಸೆಷ್ಟು" ಅಂದರೆ ಸಡಿಲ. "ಹುಡುಗನ ವಯಸ್ಸು ಎಷ್ಟು ಎಂದು ಕೇನ್ ಹೇಳುತ್ತಾನೆ" ಅಂದರೆ ಸರಿ.

ಕೊನೆಗೆ ಪ್ರತಿ ಪ್ರಶ್ನೆಯನ್ನೂ ಗೂಗಲ್‌ನಲ್ಲಿ ಟೈಪ್ ಮಾಡಿ ನೋಡಿ. ಮೊದಲ ಪುಟದಲ್ಲೇ ಉತ್ತರ ಬಂದರೆ ತೆಗೆದುಹಾಕಿ. ಆಸ್ಕರ್ ಎಷ್ಟು ಬಂತು, ನಾಯಕಿ ಯಾರು, ಇವೆಲ್ಲ ಸಿನಿಮಾ ನೋಡದೆ ಸಿಗುವ ಉತ್ತರಗಳು.

ಲೆಕ್ಕ ಹೆಣೆಯುವುದು

ಮೇಲೆ ಹೇಳಿದ ಅಂಕಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಅಲ್ಲಿ ಯಾವ ಡಬ್ಬಿಯೂ ಇಲ್ಲ, ಹೋಗಬೇಡಿ. ನಾಲ್ಕು ಉತ್ತರ ಸಾಕು.

ಕ = ಕೇನ್ ಎದುರಿಸಬೇಕಾದ ಎದುರಾಳಿಗಳು ಒಟ್ಟು ಎಷ್ಟು: 4
ಖ = ಅವರಲ್ಲಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವವರು ಎಷ್ಟು: 3
ಗ = ಆ ರೈಲು ಎಷ್ಟು ಗಂಟೆಗೆ: 12
ಘ = ಕೇನ್ ಹೇಳುವ ಹುಡುಗನ ವಯಸ್ಸು: 14

ಉತ್ತರ ಅಕ್ಷಾಂಶ 12° 18.(ಕ × 100 + ಖ × ಗ), ಅಂದರೆ 400 + 36 = 436.
ಪೂರ್ವ ರೇಖಾಂಶ 076° 38.(ಘ × 6 + 1), ಅಂದರೆ 84 + 1 = 85.

ಇಲ್ಲೇ ಒಂದು ಗುಂಡಿ ಇದೆ. 85 ಅನ್ನು 38.85 ಅಂತ ಬರೆದರೆ ಒಂದೂಕಾಲು ಕಿಲೋಮೀಟರಿಗಿಂತ ಜಾಸ್ತಿ ಪೂರ್ವಕ್ಕೆ ಹೋಗುತ್ತೀರಿ. ಅದು 38.085. "ಚುಕ್ಕಿಯ ನಂತರ ಮೂರು ಅಂಕಿ ಇರಲಿ, ಕಡಿಮೆ ಇದ್ದರೆ ಮುಂದೆ ಸೊನ್ನೆ ಹಾಕಿ" ಅಂತ ಪುಟದಲ್ಲಿ ಬರೆಯಲೇಬೇಕು.

ಒಂದು ಉತ್ತರ ತಪ್ಪಿದರೆ ಜನ ಎಲ್ಲಿ ಹೋಗಿ ನಿಲ್ಲುತ್ತಾರೆ ಅಂತಲೂ ನೋಡಿ. ಕ ಒಂದು ತಪ್ಪಿದರೆ 185 ಮೀಟರ್ ಆಚೆ. ಆಗ ಅವರಿಗೇ ಅನುಮಾನ ಬರುತ್ತದೆ. ಘ ಜಾಗದಲ್ಲಿ 16 ಹಾಕಿದವರಿಗೆ 097 ಬರುತ್ತದೆ. ಅದು ಸುಮಾರು 22 ಮೀಟರ್ ಪೂರ್ವಕ್ಕೆ. ಇದು ಅಪಾಯದ ದೂರ. ಸರಿಯಾದ ಜಾಗಕ್ಕೇ ಬಂದಿದ್ದೇವೆ ಅಂದುಕೊಂಡು ಗಂಟೆಗಟ್ಟಲೆ ತಪ್ಪು ಪೊದೆ ಕೆದಕುತ್ತಾರೆ. ಗಿಡ ಹಾಳು, ಮನಸ್ಸೂ ಹಾಳು. ಗುಣಕವನ್ನು 6ರ ಬದಲು ದೊಡ್ಡದು ಮಾಡಬಹುದು. ಅದಕ್ಕಿಂತ ಸುಲಭ, ತಾಳೆ ನೋಡಲು ಒಂದು ಮೊತ್ತ ಕೊಡುವುದು. ಎರಡೂ ಸಾಲಿನ ಕೊನೆಯ ಮೂರು ಮೂರು ಅಂಕಿ ಕೂಡಿಸಿ: 4+3+6+0+8+5 = 26. ತಪ್ಪಿದವರಿಗೆ 29 ಬರುತ್ತದೆ, ಮನೆಯಲ್ಲೇ ಗೊತ್ತಾಗುತ್ತದೆ. ವೆಬ್‌ಸೈಟಿನ ಉತ್ತರ ತಾಳೆ ನೋಡುವ ಚೆಕರ್ ಕೂಡ ಹಾಕಿ.

ಈ ನಾಲ್ಕು ಪ್ರಶ್ನೆಗಳನ್ನು ನಿಮ್ಮ ಕ್ಯಾಶ್‌ಗೆ ಹಾಗೇ ಎತ್ತಿಕೊಳ್ಳಬೇಡಿ. ಉತ್ತರ ಇಲ್ಲೇ ಇದೆಯಲ್ಲ! ಮೊದಲ ಮೂರಂತೂ ಗೂಗಲ್ ಪರೀಕ್ಷೆಯಲ್ಲೂ ಪಾಸಾಗುವುದಿಲ್ಲ.

ಪುಟ ಬರೆಯುವುದು

ಸಿನಿಮಾದ ಹೆಸರು ಹೇಳಬೇಕೋ ಬೇಡವೋ ನಿಮ್ಮಿಷ್ಟ. ಹೇಳಿದರೆ ಒಗಟು ಸುಲಭ, ಹೇಳದಿದ್ದರೆ ಸುಳಿವು ಸಾಕಷ್ಟು ಇರಬೇಕು. ನಾನಾದರೆ ಹೇಳುತ್ತೇನೆ. ಯಾವ ಸಿನಿಮಾ ಅಂತ ಊಹಿಸುವುದರಲ್ಲೇ ಜನ ಸುಸ್ತಾದರೆ ಸಿನಿಮಾ ನೋಡುವವರು ಯಾರು? ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ, ಹೊರಗಿನಿಂದ ಬರುವವರೂ ಆಡುತ್ತಾರೆ. ಚಿತ್ರದ ತುಣುಕು, ಫೋಟೋ ಅಂಟಿಸಬೇಡಿ. ಯಾವ ಆ್ಯಪಿನಲ್ಲಿ ಸಿಗುತ್ತದೆ ಅಂತ ಪ್ರಚಾರ ಮಾಡಬೇಡಿ, ಜಾಹೀರಾತಿನಂತೆ ಕಾಣುವ ಪುಟವನ್ನು ರಿವ್ಯೂವರ್ ಒಪ್ಪುವುದಿಲ್ಲ. ಪ್ರಶ್ನೆ ಗುರುತಿನ ಜಾಗದಲ್ಲಿ ಡಬ್ಬಿ ಇಲ್ಲ ಅಂತ ಎದ್ದು ಕಾಣುವಂತೆ ಬರೆಯಿರಿ. ಇಲ್ಲದಿದ್ದರೆ ಯಾರೋ ದೊಡ್ಡ ಗಡಿಯಾರದ ಬುಡದಲ್ಲಿ ತಡಕಾಡುತ್ತಾರೆ.

ಕಷ್ಟ (ಒಗಟು, ಹುಡುಕಾಟ ಎಷ್ಟು ಕಠಿಣ) ಮತ್ತು ನೆಲ (ದಾರಿ ಎಷ್ಟು ಕಠಿಣ), ಎರಡಕ್ಕೂ 1ರಿಂದ 5ರವರೆಗೆ ಅಂಕ ಕೊಡಬೇಕು. ಸಿನಿಮಾ ನೋಡಬೇಕಾದ ಒಗಟಿಗೆ ಕಷ್ಟ 3 ಕೊಡಬಹುದು. ನೆಲಕ್ಕೆ 1 ಎಂದರೆ ಗಾಲಿಕುರ್ಚಿಯಲ್ಲಿ ತಲುಪಬಹುದು ಎಂದರ್ಥ. ಕೆರೆ ಏರಿಯ ಮಣ್ಣಿನ ದಾರಿಗೆ ಅದನ್ನು ಕೊಡಬೇಡಿ.

ಸಲ್ಲಿಸುವ ಮುಂಚೆ ಒಬ್ಬರಿಂದ ಆಡಿಸಿ. ನಿಮ್ಮನ್ನು ಮೆಚ್ಚಿಸುವ ಗೆಳೆಯರು ಬೇಡ. ಎಲ್ಲದಕ್ಕೂ ತಕರಾರು ತೆಗೆಯುವ ಭಾವಮೈದುನ ಮನೆಯಲ್ಲಿದ್ದರೆ ಅವರೇ ಸರಿ. ಅವರು ಸಿನಿಮಾ ನೋಡುವಾಗ ಪಕ್ಕದಲ್ಲಿ ಕೂರಬೇಡಿ, ಬಾಯಿ ತಡೆಯುವುದಿಲ್ಲ.

ಬಿಡಿಸುವವರಿಗೆ

ಪ್ರಶ್ನೆಗಳನ್ನು ಓದಿಕೊಂಡೇ ಸಿನಿಮಾಕ್ಕೆ ಕೂರಿ. ಉತ್ತರದ ಜೊತೆಗೆ ಯಾವ ದೃಶ್ಯ ಅಂತಲೂ ಬರೆದುಕೊಳ್ಳಿ, ಆಮೇಲೆ ಹಿಂದೆ ಹೋಗಿ ನೋಡಲು ಅನುಕೂಲ. ಒಂದು ಉತ್ತರ ಮಾತ್ರ ಸಿಗದಿದ್ದರೆ ಕೈಚೆಲ್ಲಬೇಡಿ. ಉದಾಹರಣೆಯಲ್ಲಿ ಕ ಗೊತ್ತಿಲ್ಲ ಅಂದುಕೊಳ್ಳಿ. 0ಯಿಂದ 9ರವರೆಗೆ ಹಾಕುತ್ತಾ ಹೋದರೆ ಮ್ಯಾಪಿನಲ್ಲಿ ಉತ್ತರ-ದಕ್ಷಿಣವಾಗಿ 185 ಮೀಟರಿಗೊಂದು ಚುಕ್ಕಿ ಸಿಗುತ್ತದೆ. ಕೆಲವು ನೀರಿನಲ್ಲಿ, ಕೆಲವು ಯಾರದೋ ಸೂರಿನ ಮೇಲೆ. ಡಬ್ಬಿ ಇಡಬಹುದಾದ ಕಡೆ ಬೀಳುವುದು ಒಂದೋ ಎರಡೋ. ತಾಳೆ ಮೊತ್ತ ಹಾಕಿದರೆ ಉಳಿಯುವುದು ಒಂದೇ. ಇದು ಮೋಸ ಅಲ್ಲ, ಆಟದ ಭಾಗವೇ.

ಇಟ್ಟ ಮೇಲೆ

ಮಳೆಗಾಲ ಮುಗಿದ ಮೇಲೆ ಹೋಗಿ ಪುಸ್ತಕ ಒಣಗಿದೆಯಾ ನೋಡಿ. ದಸರಾ ಸಮಯದಲ್ಲಿ ಊರಿಡೀ ಬಂದೋಬಸ್ತ್ ಇರುತ್ತದೆ. ನಡುಊರಿನಲ್ಲಿ ಇಟ್ಟಿದ್ದರೆ ಆ ದಿನಗಳಿಗೆ ಪುಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಿ.

ಮರ ಕಡಿದರು, ಬೇಲಿ ಹಾಕಿದರು ಅಂತ ಡಬ್ಬಿಯನ್ನು ಸ್ವಲ್ಪ ಸರಿಸಬೇಕಾಗಿ ಬರಬಹುದು. ಆಗ ಪ್ರಶ್ನೆ ಮುಟ್ಟಬೇಡಿ. ಲೆಕ್ಕದ ಕೊನೆಯಲ್ಲಿ "+ 1" ಅಂತ ಇಟ್ಟುಕೊಂಡಿದ್ದು ಅದಕ್ಕೇ. ಡಬ್ಬಿ 40 ಮೀಟರ್ ಪೂರ್ವಕ್ಕೆ ಹೋದರೆ 22 ಕೂಡಿಸಿ "+ 23" ಮಾಡಿ. 84 + 23 = 107, ಹೊಸ ಅಂಕಿ 38.107. ಪುಟದಲ್ಲಿ ತಾಳೆ ಮೊತ್ತವನ್ನು 26ರಿಂದ 21ಕ್ಕೆ ತಿದ್ದಿ, ಚೆಕರ್‌ನಲ್ಲೂ ಉತ್ತರ ಬದಲಿಸಿ, ಆಡುವವರಿಗೆ ಕಾಣದಂತೆ ಪುಟದಲ್ಲಿ ಅಡಗಿಸಿಟ್ಟ ಕೊನೆಯ ವೇಪಾಯಿಂಟನ್ನೂ, ಅಂದರೆ ಡಬ್ಬಿಯ ನಿಜವಾದ ಜಾಗದ ಅಂಕಿಯನ್ನೂ, ಸರಿಪಡಿಸಿ.